ಕಾಕುವಿನ ಕರಡಿಗೆ

ಟ್ರಂಕಿನ ತಳದಿಂದ ಆ ಕೌದಿಯನ್ನು ಎಳೆದ ಕೂಡಲೇ ಔಡಲೆಣ್ಣೆಯ ವಾಸನೆ ಬಂತು. ಕೊಟ್ಟವಳು ಎಷ್ಟು ಸಲ ಒಗೆದು ಬಿಸಿಲಿಗೆ ಹಾಕಿದ್ದಳೋ, ನಾನೂ ಬೇವಿನ ಎಲೆ ಇಟ್ಟು ಮಡಚಿದ್ದೆ, ಆದರೂ ಜಪ್ಪಯ್ಯ ಅಂದರೂ ವಾಸನೆ ಹೋಗಿರಲಿಲ್ಲ. ನನಗೆ ಬೇಕಾಗಿದ್ದು ಗಂಡನ ಸೊಂಟದ ಕೆಳಗೆ ಹಾಸಲು ಮೆತ್ತಗಿನ ಏನಾದರೊಂದು. ಸಿಕ್ಕಿದ್ದು ಮಟಕಿ ಊರಿನ ನಮ್ಮ ತವರುಮನೆಯ ಎದುರಿಗಿದ್ದ, ಚಿಕ್ಕಮ್ಮನಂತಿದ್ದ ಕಾಕುವಿನ ಕೌದಿ…

ಹೋದ ಬೇಸಿಗೆಯಲ್ಲಿ ನನ್ನ ಗಂಡನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಗಿದೆ, ಮಾತೂ ಇಲ್ಲ. ಮೊದಲೇ ಭಾರೀ ಆಳು. ಅವರನ್ನು ಹೊರಳಿಸುವುದು, ಎಬ್ಬಿಸುವುದು, ಒರೆಸುವುದು, ಮತ್ತೆ ಮಲಗಿಸುವುದು, ಇದೇ ನನ್ನ ಬದುಕು. ಜೇವರ್ಗಿಯ ಈ ಮನೆಗೆ ನೋಡಲು ಬರುವವರಿಗೇನೂ ಕಡಿಮೆಯಿಲ್ಲ. ಚಹಾ ಕುಡಿಯುತ್ತಾರೆ, ಲೊಚಗುಡುತ್ತಾರೆ, "ಎಲ್ಲಾ ದೇವರ ಮ್ಯಾಲ ಭಾರ ಹಾಕ್ರಿ ಅಕ್ಕೋರ" ಅಂದು ಚಪ್ಪಲಿ ಮೆಟ್ಟುತ್ತಾರೆ. ಭಾರ ಇರುವುದು ನನ್ನ ರಟ್ಟೆಯ ಮೇಲೆ. ಹೋಗುವ ಮುಂಚೆ ಒಂದು ಕಡೆ ಹಿಡಿದು ಎತ್ತಿಕೊಟ್ಟು ಹೋಗೋಣ ಅಂತ ಒಬ್ಬರಿಗೂ ತೋಚುವುದಿಲ್ಲ.

ಈ ಮಾತು ಕೇಳಿ ಕೇಳಿ ತಲೆಕೆಟ್ಟು, ಒಂದು ದಿನ ಕೊರಳಿನ ಕರಡಿಗೆಯನ್ನೇ ತೆಗೆದು ದೇವರ ಜಗಲಿಯ ಮೇಲೆ ಇಟ್ಟುಬಿಟ್ಟೆ. ಬೆಳ್ಳಿಯ ಆ ಪುಟ್ಟ ಕರಡಿಗೆಯಲ್ಲಿ ನನ್ನ ಇಷ್ಟಲಿಂಗವಿದೆ. ಮಣ್ಣಿಗೆ ಹೋಗುವವರೆಗೆ ಅದನ್ನು ಮೈಮೇಲಿಂದ ಇಳಿಸಬಾರದು ಅನ್ನುವ ಮನೆತನ ನಮ್ಮದು. ನಾನು ಇಳಿಸಿದೆ. ನಾನು ಪಡುವ ಪಾಡನ್ನು ಅಲ್ಲೇ ಕೂತು ನೋಡಲಿ ಅಂತ.

ಕಾಕುವಿಗೆ ಒಬ್ಬಳೇ ಮಗಳು. ನನಗಿಂತ ದೊಡ್ಡವಳು. ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ, ಬಾಯಲ್ಲಿ ಮಾತಿಲ್ಲ, ನಗು ಮಾತ್ರ ಬೇಕಾದಷ್ಟಿತ್ತು. ಕಾಕುವಿನ ಗಂಡ ಅಫಜಲಪುರದಲ್ಲಿ ಇನ್ನೊಂದು ಸಂಸಾರ ಹೂಡಿ ಈ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದ. ದಿನಾ ಬೆಳಿಗ್ಗೆ ಕಾಕು ಮಗಳನ್ನು ಕೌದಿಯ ಸಮೇತ ಎಳೆದು ಬಚ್ಚಲಿಗೆ ಒಯ್ಯುತ್ತಿದ್ದಳು. ಮೈ ತೊಳೆದು, ಬೆನ್ನಿಗೆ ಔಡಲೆಣ್ಣೆ ತಿಕ್ಕಿ, ಎತ್ತಿ ತಂದು ಅಂಗಳದ ಕಟ್ಟೆಗೆ ಆನಿಸಿ ಕೂರಿಸಿ, ನಮ್ಮ ಅವ್ವನಿಗೆ ನೋಡಿಕೊಳ್ಳಲು ಹೇಳಿ ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು.

ಎತ್ತಲು ಬಗ್ಗಿದಳೋ, ಕೊರಳಿನ ಕರಡಿಗೆ ಜೋತುಬಿದ್ದು ಮಗಳ ಮೂಗಿಗೆ ಬಡಿಯುತ್ತಿತ್ತು. ಮಗಳು ಕಿಲಕಿಲ ನಕ್ಕು ಅದನ್ನು ಗಪ್ಪನೆ ಹಿಡಿದುಬಿಡುತ್ತಿದ್ದಳು. ದಾರ ಕುತ್ತಿಗೆಗೆ ಬಿಗಿದು ಕಾಕು ಏಳಲೂ ಆರಳು, ಕೂರಲೂ ಆರಳು. ಆಗ ಶುರುವಾಗುತ್ತಿತ್ತು.

"ಏ ಶಿವಾ, ಎತ್ತಾಕಂತೂ ಕೈ ಹಚ್ಚಂಗಿಲ್ಲ, ಅಡ್ಡರ ಬರಬ್ಯಾಡ ಲೇ! ಸರಿ ಹಿಂದಕ್ಕ!"

ಮಗಳ ಬೆರಳು ಬಿಡಿಸಿ, ಕರಡಿಗೆಯನ್ನು ಬೆನ್ನಿಗೆ ಎಸೆದು, ಉಸಿರು ಕಟ್ಟಿ ಎತ್ತುತ್ತಿದ್ದಳು. ಓಣಿಗೆಲ್ಲ ಕೇಳಿಸುತ್ತಿತ್ತು. ಲಿಂಗ ಎದೆಯ ಮೇಲಿರಬೇಕು, ಹೀಗೆ ಬೆನ್ನಿಗೆ ಹಾಕಬಾರದು ಅಂತ ಮಠದ ಸ್ವಾಮಿಗಳೇ ಒಮ್ಮೆ ಗದರಿದರು. "ಎದಿ ಮ್ಯಾಲ ಮಗಳ ಅದಾಳ್ರಿ ಅಪ್ಪಾರ. ಜಾಗಾ ಖಾಲಿ ಆದ ಮ್ಯಾಲ ಮುಂದ ತರ್ತೇನಿ" ಅಂದಳು ಕಾಕು.

ನನಗೆ ಅವಳ ಈ ಪರಿ ನೋಡಿ ಮೈಯೆಲ್ಲ ಉರಿಯುತ್ತಿತ್ತು. ಕಾಲೇಜು ಕಲಿಯಲು ಆಳಂದಕ್ಕೆ ಹೋಗಿಬರುತ್ತಿದ್ದ ದಿನಗಳವು, ಎಲ್ಲರನ್ನೂ ತಿದ್ದುವ ಹುಮ್ಮಸ್ಸು. ಒಂದು ಕೈಯೂ ಹಚ್ಚದ ಆ ಶಿವನನ್ನು ಕೊರಳಿಗೆ ಕಟ್ಟಿಕೊಂಡು ಏನು ಮಾಡುತ್ತೀ, ಬಿಚ್ಚಿ ಇಡಬಾರದೇ ಅಂತ ಕೇಳಿಯೇಬಿಟ್ಟೆ. ಕಾಕು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಬೈಯಾಕ ಯಾರರ ಬೇಕಲ್ಲ ಬೇ. ಗಂಡಗ ಒಂದ್ ಮಾತ ಅಂದೆ, ಓಡಿಹ್ವಾದ. ಇವ ಎಷ್ಟ ಬೈದ್ರೂ ಹೋಗಂಗಿಲ್ಲ ನೋಡು."

ಇದೂ ಒಂದು ಉತ್ತರವೇ ಅಂತ ಆಗ ಮೂಗು ಮುರಿದಿದ್ದೆ.

ಮುಂದೊಂದು ಚಳಿಗಾಲದಲ್ಲಿ ಕಫ ಕಟ್ಟಿ ಮಗಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಕಾಕುವಿನ ಕರಡಿಗೆ ಎದೆಯ ಮೇಲೆ ಬಂತು. ಬೈಗುಳವೂ ನಿಂತಿತು. ಬೆಳಿಗ್ಗೆ ಎದ್ದರೆ ಓಣಿಯೇ ಸತ್ತ ಹಾಗಿರುತ್ತಿತ್ತು. ತಡೆಯಲಾರದೆ, ಯಾಕೆ ಕಾಕು ಈಗ ಬೈಯುವುದಿಲ್ಲ ಅಂದೆ. ಅವಳು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು, ಮಗಳು ಹಿಡಿಯುತ್ತಿದ್ದ ಹಾಗೆಯೇ.

"ಅವನೂ ಅಳಾಕತ್ತಾನ ಬೇ. ಈಗ ಹ್ಯಾಂಗ ಬೈಲಿ?"

ನಾನು ಮದುವೆಯಾಗಿ ಹೊರಟಾಗ ಆ ಕೌದಿ ತಂದು ಕೊಟ್ಟಳು. ಗಟ್ಟಿಯಾಗಿ ಹೊಲಿದಿದ್ದೇನೆ, ಇಟ್ಟುಕೋ ಅಂದಳು. ಮಗಳನ್ನು ಮಲಗಿಸಿದ್ದ ಕೌದಿಯನ್ನು ಮದುಮಗಳಿಗೆ ಕೊಡುತ್ತಾರೆಯೇ ಅಂತ ಅವ್ವ ಒಳಗೊಳಗೇ ಕುದ್ದಳು. ಬೇಡ ಅನ್ನಲಾಗದೆ ಟ್ರಂಕಿನ ತಳಕ್ಕೆ ಹಾಕಿದವಳು, ಇಷ್ಟು ವರ್ಷ ಅದರ ಗೊಡವೆಗೇ ಹೋಗಿರಲಿಲ್ಲ. ಹೋದ ಮಳೆಗಾಲದಲ್ಲಿ ಕಾಕು ತೀರಿಕೊಂಡ ಸುದ್ದಿ ಬಂದಾಗ ನಾನು ಗಂಡನ ಜೊತೆ ಆಸ್ಪತ್ರೆಯಲ್ಲಿದ್ದೆ. ಮಣ್ಣಿಗೂ ಹೋಗಲಾಗಲಿಲ್ಲ…

ಇವತ್ತು ಆ ಕೌದಿಯನ್ನು ಹಾಸಿದೆ. ಆಮೇಲೆ ಜಗಲಿಯ ಹತ್ತಿರ ಹೋಗಿ ಕರಡಿಗೆಯನ್ನು ತೆಗೆದು ಕೊರಳಿಗೆ ಕಟ್ಟಿಕೊಂಡೆ. ಭಕ್ತಿಯಿಂದ ಅಂತ ಯಾರೂ ತಿಳಿಯಬೇಡಿ. ಸಿಟ್ಟು ಅಲ್ಲೇ ಇತ್ತು, ಈಗಲೂ ಇದೆ. ಗಂಡನ ಕಂಕುಳಿಗೆ ಕೈ ಕೊಟ್ಟು ಬಗ್ಗಿದೆ. ಕರಡಿಗೆ ಜೋತುಬಿದ್ದು ಅವರ ಮೂಗಿಗೆ ಟಪ್ಪಂತ ಬಡಿಯಿತು. ಅವರ ಅರ್ಧ ಬಾಯಿ ನಕ್ಕಿತೋ, ನೋವಿಗೆ ಸೊಟ್ಟಾಯಿತೋ ತಿಳಿಯಲಿಲ್ಲ.

"ಸರಿ ಲೇ ಹಿಂದಕ್ಕ! ಇಷ್ಟ ದಿನ ಎಲ್ಲಿ ಸತ್ತಿದ್ದಿ? ಎತ್ತಾಕ ಬರಂಗಿಲ್ಲ, ಕೈ ಹಚ್ಚಾಕ ಬರಂಗಿಲ್ಲ, ಮುಂದ ಮುಂದ ಬರ್ತಿ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕರಡಿಗೆಯನ್ನು ಬೆನ್ನಿಗೆ ಎಸೆದು ಎತ್ತಿದೆ. ಭಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಸೊಂಟ ಕಳಕ್ ಅಂದಿತು. ಇಬ್ಬರೂ ಏದುಸಿರು ಬಿಡುತ್ತಾ ಕೂತೆವು. ಬೆನ್ನ ಮೇಲೆ ತಣ್ಣಗೆ ಬೆಳ್ಳಿ ತಾಗುತ್ತಿತ್ತು.

ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು. "ಯಾರಿಗ್ರಿ ಬೈಯಾಕತ್ತೀರಿ ಅಕ್ಕೋರ? ಯಾರ ಬಂದಾರ?"

ಯಾರೂ ಇಲ್ಲ ಅನ್ನಲು ಬಾಯಿ ತೆರೆದೆ. ಅಳು ಬಂತು. ಬಂದವನು ಯಾರೆಂದು ಹೇಳಿದರೆ ನಗದೆ ನಂಬುವವಳು ಒಬ್ಬಳೇ ಇದ್ದಳು, ಅವಳು ಈಗ ಇಲ್ಲ…