ಏರು ಹತ್ತದ ಮಿಲಿಟರಿ ಲಾರಿ

ಪಾನಾ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇಪ್ಪತ್ತೆರಡು ವರ್ಷ ಮಿಲಿಟರಿ ವರ್ಕ್‌ಶಾಪಿನಲ್ಲಿ ಲಾರಿಗಳ ಕೆಳಗೆ ಅಂಗಾತ ಮಲಗಿ ಬಂದವರು. ನಟ್ಟು ಬಿಚ್ಚುವ ಪಾನಾ ಕೈಗೆ ಬಂದರೆ ಸಾಕು, ಎದುರಿಗೆ ಸಿಕ್ಕವರಿಗೆಲ್ಲ ಪಾಠ ಶುರು ಮಾಡುತ್ತಾರೆ. ಅದಕ್ಕೇ ಆ ಹೆಸರು. "ಬಿಚ್ಚೋಕೆ ಮೊದಲು ನೋಡು" ಎನ್ನುವುದು ಅವರ ಮೊದಲನೆಯ ಪಾಠ. ಬಾನೆಟ್ ಎತ್ತಿದ ಕೂಡಲೇ ನಟ್ಟಿಗೆ ಕೈ ಹಾಕುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ತಮಗೆ ಗೊತ್ತಾಗದ ಡೀಸೆಲ್ ಕಾಯಿಲೆಯೇ ಇಲ್ಲ ಎಂಬ ಜಂಬವೂ ಉಂಟು. ಸುಳ್ಳು ಜಂಬವೇನಲ್ಲ, ಅದನ್ನು ಒಪ್ಪಲೇಬೇಕು.

ಅವರ ಅಕ್ಕನ ಗಂಡ, ಅಂದರೆ ಭಾವ, ಗುಡ್ಡದ ಮೇಲಿನ ಆಸ್ಪತ್ರೆಗೆ ನೀರು ಸಾಗಿಸುವ ಲಾರಿಯ ಡ್ರೈವರ್. ಲಾರಿ ಹಳೆಯ ಮಿಲಿಟರಿ ಮಾಲು, ಆಸ್ಪತ್ರೆಯವರು ಹರಾಜಿನಲ್ಲಿ ಹಿಡಿದದ್ದು. ಮೂವತ್ತು ವರ್ಷದಿಂದ ಅದರ ಸ್ಟೇರಿಂಗನ್ನು ಭಾವ ಇನ್ನೊಬ್ಬರಿಗೆ ಮುಟ್ಟಲು ಬಿಟ್ಟಿಲ್ಲ. ಅಂಥ ಗಟ್ಟಿ ಗಾಡಿ ಈಗ ಎರಡು ತಿಂಗಳಿಂದ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ನೀರು ತುಂಬಿಸಿ ಹೊರಟರೆ ಮೂರನೆಯ ತಿರುವಿನಲ್ಲಿ ಜಪ್ಪಯ್ಯ ಅಂದರೂ ಮೇಲೆ ಹತ್ತದು. ಮೆಕ್ಯಾನಿಕ್‌ಗಳು ಬಂದು ನೋಡಿ ತಲೆ ಕೆರೆದುಕೊಂಡು ಹೋದರು. ಕೊನೆಗೆ ಆಸ್ಪತ್ರೆಯ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಬಿಟ್ಟರು: ಶನಿವಾರದೊಳಗೆ ಕಾಯಿಲೆ ಏನೆಂದು ತಿಳಿಯದಿದ್ದರೆ ಲಾರಿ ಗುಜರಿಗೆ.

"ಇದು ಗುಜರಿಗೆ ಹೋದ್ರೆ ನಾನೂ ಹೋದಂಗೇ ಕಣೋ," ಅಂದರು ಭಾವ.

"ನಿಮ್ಮನ್ನ ಗುಜರಿಯೋನು ಯಾಕೆ ತಗೋತಾನೆ ಭಾವ? ತೂಕ ಎಲ್ಲಿದೆ?"

ಬೇರೆ ದಿನವಾಗಿದ್ದರೆ ಭಾವ ಇದಕ್ಕೆ ಎರಡರಷ್ಟು ವಾಪಸ್ ಕೊಡುತ್ತಿದ್ದರು. ಅಂದು ಬಾನೆಟ್ ಎತ್ತಿ ಪಕ್ಕಕ್ಕೆ ಸರಿದರು. ಮೇಷ್ಟ್ರು ಅಂಗಿಯ ತೋಳು ಮಡಚಿದರು.

ಅವರು ಮೊದಲು ನೋಡಿದ್ದು ಹೊಗೆಯನ್ನು. ಭಾರ ಹೊತ್ತು ತಿಣುಕುವ ಹಳೆಯ ಡೀಸೆಲ್ ಇಂಜಿನ್ ಕಪ್ಪು ಹೊಗೆ ಉಗುಳಬೇಕು. ಇದರ ಹೊಗೆ ಹೆಚ್ಚುಕಡಿಮೆ ತಿಳಿಯಾಗಿತ್ತು. ಅಂದರೆ ಗಾಳಿಗೆ ಕೊರತೆಯಿಲ್ಲ, ಡೀಸೆಲ್ಲೇ ಸಾಲುತ್ತಿಲ್ಲ. ಫಿಲ್ಟರ್ ಬದಲಾಯಿಸಿದರು. ಡೀಸೆಲ್ ಟ್ಯಾಂಕಿನ ಮುಚ್ಚಳದ ಗಾಳಿತೂತನ್ನು ಊದಿ ನೋಡಿದರು. ಡೀಸೆಲ್ ಪೈಪಿನ ನಡುವೆ ಗಾಜಿನಂಥ ಪ್ಲಾಸ್ಟಿಕ್ ನಳಿಕೆ ಸೇರಿಸಿ, ಗಾಳಿ ನುಸುಳಿ ಗುಳ್ಳೆ ಬರುತ್ತದೆಯೇ ಎಂದು ಅರ್ಧ ಗಂಟೆ ಕಣ್ಣು ನೆಟ್ಟು ಕೂತರು, ಒಂದೂ ಬರಲಿಲ್ಲ. ಒತ್ತಡ ಅಳೆದರೆ ಮೀಟರಿನ ಮುಳ್ಳು ಇರಬೇಕಾದ ಕಡೆಯೇ ನಿಂತಿತು. ಡೀಸೆಲ್ ಪಂಪಿನ ಲಿವರನ್ನು ಕೈಯಿಂದ ಎಳೆದರೆ ಅಂಗಳವೇ ನಡುಗುವಂತೆ ಇಂಜಿನ್ ಅಬ್ಬರಿಸುತ್ತಿತ್ತು. ಭಾವ ಗುಡ್ಡಕ್ಕೆ ಹೊಡೆದುಕೊಂಡು ಹೋದರೆ ಮತ್ತೆ ಅದೇ ರಾಗ, ಅದೇ ತಿರುವು. ಗುರುವಾರ ಹೀಗೇ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ನೇರವಾಗಿ ಅಕ್ಕನ ಅಡುಗೆಮನೆಗೆ ನುಗ್ಗಿದರು.

"ಅಕ್ಕಾ, ಕಲಸಿದ ಹಿಟ್ಟಿದ್ರೆ ಒಂಚೂರು ಕೊಡು. ಲಾರಿಗೆ."

"ಯಾಕೆ, ಅದಕ್ಕೂ ಹಸಿವಾಯ್ತಾ?"

"ಎರಡು ತಿಂಗಳಿಂದ ಉಪವಾಸ ಬಿದ್ದಿದೆ, ಪಾಪ."

ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪಂಪಿನ ಲಿವರ್ ಹೋಗಿ ಒಂದು ಸ್ಕ್ರೂಗೆ ತಾಗಿ ನಿಲ್ಲುತ್ತದೆ. ಆ ಸ್ಕ್ರೂ ತುದಿಗೆ ಕಡಲೆಕಾಳಿನಷ್ಟು ಹಿಟ್ಟು ಅಂಟಿಸಿದರು. ಲಿವರ್ ತಾಗಿದರೆ ಹಿಟ್ಟು ಚಪ್ಪಟೆಯಾಗಬೇಕು. ಭಾವ ತುಂಬಿದ ಲಾರಿಯನ್ನು ಏರಿಗೆ ಒಯ್ದರು, ಮೂರನೆಯ ತಿರುವಿನಲ್ಲಿ ಸೋತು ಹಿಂದಿರುಗಿದರು. ಬಾನೆಟ್ ಎತ್ತಿ ನೋಡಿದರೆ ಹಿಟ್ಟಿನ ಉಂಡೆ ಬಿಸಿಗೆ ಒಣಗಿತ್ತೇ ಹೊರತು ಚಪ್ಪಟೆಯಾಗಿರಲಿಲ್ಲ, ಉರುಟಾಗಿ ಹಾಗೇ ಕೂತಿತ್ತು. ಸಿಕ್ಕಿಬಿದ್ದ ಕಳ್ಳ ಎಂದು ಮೇಷ್ಟ್ರು ತೊಡೆ ತಟ್ಟಿಕೊಂಡರು. ಪೆಡಲಿನಿಂದ ಪಂಪಿನವರೆಗಿನ ರಾಡು ಎಲ್ಲೋ ಸಡಿಲವಾಗಿರಬೇಕು.

ರಾಡು ಸಡಿಲವಾಗಿರಲಿಲ್ಲ. ಹೊಸ ಹಿಟ್ಟು ಅಂಟಿಸಿ, ತಾವೇ ಸೀಟಿನಲ್ಲಿ ಕೂತು, ಪೆಡಲನ್ನು ತಳಕ್ಕೆ ತುಳಿದು ಇಳಿದು ಬಂದು ನೋಡಿದರು. ಹಿಟ್ಟು ಬಿಲ್ಲೆಯಂತೆ ಚಪ್ಪಟೆಯಾಗಿತ್ತು.

"ಭಾವ, ಈಗ ನೀವು ಕೂತ್ಕೊಳ್ಳಿ. ಪೂರ್ತಿ ಒತ್ತಿ."

"ಒತ್ತಿದೀನಲ್ಲೋ!"

ಮೇಷ್ಟ್ರು ಬಾಗಿಲ ಬಳಿ ಬಗ್ಗಿ ನೋಡಿದರು. ಪೆಡಲು ತಳದಿಂದ ಎರಡು ಬೆರಳು ಮೇಲೆಯೇ ಇತ್ತು. ಬಲಗಾಲಿನ ಚಪ್ಪಲಿ ಜಾರಿ ಕೆಳಗೆ ಬಿದ್ದಿತ್ತು. ಭಾವನಿಗೆ ಅದರ ಅರಿವೇ ಇರಲಿಲ್ಲ.

"ಕಾಲಿಗೆ ಏನಾಗಿದೆ ಭಾವ?"

ಭಾವ ಕನ್ನಡಿ ಕಡೆ ಮುಖ ತಿರುಗಿಸಿದರು. "ಏನಿಲ್ಲ, ಜೋಮು. ಶುಗರ್ ಇದೆಯಲ್ಲ." ಆಮೇಲೆ ದನಿ ತಗ್ಗಿಸಿ ಅಂದರು, "ಆ ರಾಡನ್ನ ಎರಡು ಸುತ್ತು ಗಿಡ್ಡ ಮಾಡಿಬಿಡು. ಇಷ್ಟು ಒತ್ತಿದ್ರೇ ಎಳೆಯುತ್ತೆ. ನಿಂಗೆ ಐದು ನಿಮಿಷದ ಕೆಲಸ."

ಅಂದರೆ ಇವರಿಗೆ ಅನುಮಾನ ಇತ್ತು! ಎರಡು ದಿನ ನಾನು ಇಲ್ಲಿ ಗುಳ್ಳೆ ಎಣಿಸುತ್ತ ಕೂತಿದ್ದೆನಲ್ಲ ಎಂದು ಮೇಷ್ಟ್ರಿಗೆ ನಖಶಿಖಾಂತ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಸಂಕಟವೂ ಬಂತು. ಪಾನಾ ಕೈಯಲ್ಲೇ ಇತ್ತು. ಎರಡು ಸುತ್ತು ತಿರುಗಿಸಿದರೆ ಲಾರಿ ಉಳಿಯುತ್ತದೆ, ಭಾವನ ಮರ್ಯಾದೆ ಉಳಿಯುತ್ತದೆ, ತಮ್ಮ ಹೆಸರೂ ಉಳಿಯುತ್ತದೆ. ಮಾಡಿಬಿಡೋಣ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಬೇಕು.

ಪಾನಾವನ್ನು ಪೆಟ್ಟಿಗೆಗೆ ಹಾಕಿದರು. "ಬ್ರೇಕ್ ಒತ್ತೋದೂ ಅದೇ ಕಾಲು, ಭಾವ."

ಭಾವ ಇಳಿದು, ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಯೊಳಗೆ ಹೋದರು.

ಶನಿವಾರ ಬೆಳಿಗ್ಗೆ ಅವರೇ ಬಂದು ಪಕ್ಕದ ಸೀಟಿನಲ್ಲಿ ಕೂತು, "ನಡಿ, ಹೊಡಿ" ಅಂದರು. ಮೇಷ್ಟ್ರು ಲಾರಿ ರಿಪೇರಿಯಲ್ಲಿ ಎಷ್ಟು ಗಟ್ಟಿಯೋ ಓಡಿಸುವುದರಲ್ಲಿ ಅಷ್ಟೇ ಪೆದ್ದು. "ಗೇರ್ ಹಾಕ್ತಿದೀಯೋ ಹಿಟ್ಟು ರುಬ್ತಿದೀಯೋ? ಈಗ ಎರಡನೇದು! ಒತ್ತು, ಒತ್ತು, ಹೆದರಬೇಡ!" ಎಂದು ಭಾವ ದಾರಿಯುದ್ದಕ್ಕೂ ಬೈದರು. ಮೂರನೆಯ ತಿರುವಿನಲ್ಲಿ ಲಾರಿ ದಟ್ಟವಾಗಿ ಕಪ್ಪು ಹೊಗೆ ಕಾರಿ, ಟ್ಯಾಂಕಿನಷ್ಟೂ ನೀರನ್ನು ಹೊತ್ತು ಮೇಲೆ ಹತ್ತಿತು. ಅಲ್ಲಿಂದ ಮುಂದೆ ಭಾವ ಬೈಯಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಮ್ಯಾನೇಜರ್ ಕಾಯುತ್ತಿದ್ದರು. "ಹತ್ತೇಬಿಡ್ತಲ್ಲ! ಏನಾಗಿತ್ತು ಮೇಷ್ಟ್ರೇ? ಇನ್ನೊಂದು ತಿಂಗಳಿಗೆ ಮತ್ತೆ ಕೈಕೊಟ್ರೆ? ಏನು ಅಂತ ಗೊತ್ತಾಗದೆ ನಾನು ಇಟ್ಕೊಳ್ಳಲ್ಲ."

ಕೇಳದವರಿಗೂ ಪಾಠ ಹೇಳುವ ಮೇಷ್ಟ್ರು ಇಳಿದು ಟೈರು ನೋಡಲು ಬಗ್ಗಿದರು.

ಭಾವ ಬಾಗಿಲು ಹಿಡಿದು ನಿಧಾನವಾಗಿ ಕೆಳಗಿಳಿದರು. "ಲಾರಿಗೇನೂ ಆಗಿಲ್ಲ ಸಾರ್, ಇನ್ನೂ ಹತ್ತು ವರ್ಷ ಓಡುತ್ತೆ. ಗುಜರಿಯೋನಿಗೆ ಬರಬೇಡ ಅನ್ನಿ," ಅಂದರು. "ನನ್ನ ಬಲಗಾಲಿಗೆ ಸ್ಪರ್ಶ ಇಲ್ಲ. ಬೇರೆ ಡ್ರೈವರ್ ನೋಡಿ."