ಧಣಿ ಅನ್ನಿಸಿಕೊಂಡ ಡೆಲಿವರಿಯವ

ಕೊರೊನಾ ಕಳೆದ ಮರುವರ್ಷ ನಾನು ಕುಂದಾಪುರದಲ್ಲಿ ನಾದಿನಿ ಸುಮತಿಯ ವಕೀಲಿ ಕಚೇರಿಗೆ ಹೋಗತೊಡಗಿದೆ. ಮಧ್ಯಾಹ್ನದ ಊಟ ಬಡಿಸಿ ಹೊರಟರೆ ಸಂಜೆಯ ಚಹಾದ ಹೊತ್ತಿಗೆ ಮನೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ಕಲಿಸಿದ ಇಂಗ್ಲಿಷ್ ನನ್ನಲ್ಲಿತ್ತು. ಇಂಗ್ಲಿಷ್ ಕಾಗದಗಳನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದೇ ನನ್ನ ಕೆಲಸ.

ಆಗ ಬಂದವನು ಗುಲ್ವಾಡಿಯ ನಾಗರಾಜ. ಮೀನುಗಾರರ ಮನೆಯವನು. ಕಡಲಿಗೆ ಹೋಗದೆ ಕಂಪನಿಯೊಂದರ ಪಾರ್ಸೆಲ್‌ಗಳನ್ನು ಹಾಲಾಡಿ ಕಡೆಯ ಮನೆಗಳಿಗೆ ಮುಟ್ಟಿಸುತ್ತಿದ್ದ. ತಿರುವಿನಲ್ಲಿ ಬೈಕ್ ಜಾರಿ ಬಲಗಾಲು ಮುರಿದಿತ್ತು. ಇನ್ನೊಂದು ಆಪರೇಷನ್ ಆಗದಿದ್ದರೆ ಕಾಲು ನೆಟ್ಟಗಾಗದು ಎಂದಿದ್ದರು ಡಾಕ್ಟರು. ಕುರ್ಚಿಯಲ್ಲಿ ಕೂತವನು ಆ ಕಾಲನ್ನು ಮೆಲ್ಲಗೆ ಹೆಂಡತಿ ಜಲಜಳ ಸೀರೆಯ ಮರೆಗೆ ಸರಿಸಿಕೊಳ್ಳುತ್ತಿದ್ದ. ಪರಿಹಾರದ ಅರ್ಜಿಗೆ ಕಂಪನಿಯ ಉತ್ತರ ಬಂತು: ಆತ ನಮ್ಮ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ, ನಮ್ಮ 'ಡೆಲಿವರಿ ಪಾರ್ಟ್‌ನರ್'.

"ಕಾಗದದಲ್ಲಿ ಎಂತ ಹೆಸ್ರಿತ್ತ್ ಅಂದೇಳಿ ಮಾತ್ರ ಕಾಂಬುದಲ್ಲ ಅತ್ಗೆ, ಕೆಲ್ಸದ ಹಿಡಿತ ಯಾರ ಕೈಯಗಿತ್ತ್ ಅಂದೇಳಿ ಕಾಂಬುದ್," ಎಂದಳು ಸುಮತಿ. ನಾಗರಾಜನಿಗೂ ಹೇಳಿದಳು: "ಕೇಂಡಷ್ಟಕ್ಕೆ ಮಾತ್ರ ಉತ್ತರ ಹೇಳ್, ಕಾಣ್."

ಕೋರ್ಟಿನಲ್ಲಿ ಕಂಪನಿಯ ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು. "ಗಾಡಿ ನಿಮ್ಮದೇ ಅಲ್ಲವೆ? ನೀವು ಯಾರ ಆಳೂ ಅಲ್ಲವಲ್ಲ?"

ನಾಗರಾಜ ಕಟಕಟೆ ಹಿಡಿದು ಬೆನ್ನು ನೆಟ್ಟಗೆ ಮಾಡಿದ. "ಆಳಾ? ನಮ್ಮನಿಯಗೆ ಯಾರೂ ಒಬ್ರ ಆಳಾಯಿ ದುಡ್ದೋರಲ್ಲ ಸ್ವಾಮಿ. ಗಾಡಿ ನಂದ್, ನಾನೇ ಧಣಿ."

ಸುಮತಿ ಕಣ್ಣು ಮುಚ್ಚಿಕೊಂಡಳು. ನನಗೆ ಮಾತ್ರ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಅಪ್ಪನ ಕಾಲದ ದೋಣಿಯಲ್ಲಿ ಬಲೆ ಎಳೆದವನಿಗೂ ಮೀನಿನಲ್ಲಿ ಪಾಲಿತ್ತು. ಅಲ್ಲಿ ಯಾರನ್ನೂ ಆಳು ಎನ್ನುತ್ತಿರಲಿಲ್ಲ. ಪಾರ್ಟ್‌ನರ್ ಎಂದರೆ ಆ ಥರದ ಪಾಲುದಾರ ಎಂದೇ ನಂಬಿ ಸಹಿ ಹಾಕಿದ್ದ ಪುಣ್ಯಾತ್ಮ.

ಹೊರಗೆ ಮೆಟ್ಟಿಲಲ್ಲಿ ಜಲಜ ಬಿಡಲಿಲ್ಲ. "ಹ್ವಾಯ್ ಧಣಿಗಳೇ, ಇನ್ನ್ ಕುಂಟ್ಕಂಡೇ ದರ್ಬಾರ್ ಮಾಡಿ!"

ಮುಂದಿನ ಸಲ ಸಾಕ್ಷಿಗೆ ಬಂದವರು ಕಂಪನಿಯ ಸೂಪರ್‌ವೈಸರ್, ಬೈಂದೂರಿನವರು. ಇಸ್ತ್ರಿ ಶರ್ಟಿನ ಮಡಿಕೆ ಕೆಡದಂತೆ ನಿಂತಿದ್ದರು. ಬೇಕೆಂದ ದಿನ ನಾಗರಾಜ ಕೆಲಸ ಬಿಡಬಹುದಿತ್ತೇ ಎಂದು ಸುಮತಿ ಕೇಳಿದಳು.

ಅವರಿಗೆ ನಗು ಬಂತು. "ಬೇಕಂದಂಗಾ? ನಂಗ್ ಹೇಳ್ದೆ ಒಬ್ನೂ ಹೋಪುಕಿಲ್ಲೆ. ಮನಿ ದೈವದ ಕೋಲ ಇದ್ರೂ ನನ್ ಹತ್ರ ಕೇಣ್ಕ್."

"ಕೇಳದೆ ಹೋದರೆ?"

"ಮರ್ದಿನವೇ ಐಡಿ ಬಂದ್ ಮಾಡ್ಸ್ತೆ, ಮತ್ತೆ ಒಂದ್ ಪಾರ್ಸೆಲೂ ಸಿಕ್ಕುದಿಲ್ಲೆ! ಮೊದ್ಲ್ ಯಾವ್ ಮನಿಗ್ ಹೋಯ್ಕ್ ಅಂದೇಳಿ ಹೇಳೂದೂ ನಾನೇ."

ಕಂಪನಿಯ ವಕೀಲರು ಪೆನ್ನಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದರು. ಒಬ್ಬ ಆಳಲ್ಲವೆಂದು ಬೀಗಿ ಕೆಡಿಸಿದ್ದನ್ನು ಇನ್ನೊಬ್ಬರು ಎಲ್ಲರಿಗೂ ಯಜಮಾನನೆಂದು ಬೀಗಿ ಸರಿಮಾಡಿಬಿಟ್ಟಿದ್ದರು.

ನಾಗರಾಜ ಕಂಪನಿಯ ಕೆಲಸಗಾರನೇ, ಪರಿಹಾರ ಕಂಪನಿಯ ಹೊಣೆ ಎಂದು ಆದೇಶವಾಯಿತು. ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಾಗ ಅವನ ಮುಖ ಅರಳಿ, ಮತ್ತೆ ಸ್ವಲ್ಪ ಬಾಡಿತು. "ಹಂಗಾರೆ ನಾನ್ ಅವ್ರ ಆಳ್ ಅಂದೇಳಿ ಆಯ್ತಾ ಅಕ್ಕ?"

ನಾನು ಮೆತ್ತಗಿನ ಮಾತು ಹುಡುಕುತ್ತಿರುವಾಗಲೇ ಜಲಜ ಅಂದಳು: "ಆಳಾರೂ ಅಡ್ಡಿಲ್ಲೆ. ಕಾಲ್ ಸಮ ಆಯ್ಲಿ."

ಆಮೇಲೆ ಬ್ರಹ್ಮಾವರದಿಂದ, ಶಿರೂರಿನಿಂದ ಇಂಥದೇ ಒಪ್ಪಂದ ಹಿಡಿದುಕೊಂಡು ಎಷ್ಟೋ ಹುಡುಗರು ಬಂದರು. ಅದರಲ್ಲಿ ಅವರಿಗೆ ಕೊಟ್ಟ ಚಂದದ ಹೆಸರನ್ನು ನಾನು ಮೊದಲು ಓದಿ ಹೇಳುವುದಿಲ್ಲ. ಜ್ವರ ಬಂದು ಮಲಗಬೇಕಾದರೆ ಯಾರನ್ನು ಕೇಳಬೇಕು ಎಂದು ವಿಚಾರಿಸುತ್ತೇನೆ. ಹೆಚ್ಚಿನವರು ಯೋಚಿಸದೆ ಮೇಲಿನವರೊಬ್ಬರ ಹೆಸರು ಹೇಳುತ್ತಾರೆ; ಹೇಳಿದ ಮೇಲೆ ಒಪ್ಪಂದವನ್ನು ತಮ್ಮ ಕಡೆ ತಿರುಗಿಸಿಕೊಂಡು 'ಪಾರ್ಟ್‌ನರ್' ಎಂದಿರುವ ಕಡೆ ಇನ್ನೊಮ್ಮೆ ನೋಡುತ್ತಾರೆ.