ಟೀ ಹೇಗೆ ಕುಡೀತೀರಿ?

ನಮ್ಮ ಅಂಗಡಿಯಲ್ಲಿ ಕೆಂಪು ವೈನಿನ ಸಾಲು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮೊದಲ ಸಲ ವೈನ್ ಕೊಳ್ಳಲು ಬಂದು ಕಕ್ಕಾಬಿಕ್ಕಿಯಾಗಿ ನಿಂತವರಿಗೆ ಮುಜುಗರವಾಗದ ಹಾಗೆ ತಿಳಿಸಿ ಹೇಳುತ್ತಿದ್ದರು, ಅದಕ್ಕೆ ಆ ಹೆಸರು. ನಾನು ಬಿಲ್ ಹಾಕುವವಳು. ಹನ್ನೊಂದು ವರ್ಷ ಕೇಳಿ ಕೇಳಿ ಅವರ ಮಾತೆಲ್ಲ ನನಗೆ ಬಾಯಿಪಾಠ.

ದ್ರಾಕ್ಷಿಯ ಜಾತಿ, ವರ್ಷ ಅಂತ ಗಿರಾಕಿಯ ತಲೆ ತಿನ್ನುತ್ತಿರಲಿಲ್ಲ. "ಟೀ ಹೇಗೆ ಕುಡೀತೀರಿ?" ಅಂತ ಕೇಳುತ್ತಿದ್ದರು, ಅಷ್ಟೇ. ಹಾಲಿಲ್ಲದ ಕಡು ಟೀ ಅಂದವರಿಗೆ ಒಗರು ಹಿಡಿಸುತ್ತದೆ ಅಂತ ಲೆಕ್ಕ, ಅವರನ್ನು ಒಗರು ವೈನುಗಳಿರುವ ಮೇಲಿನ ಸಾಲಿಗೆ ಕಳಿಸುತ್ತಿದ್ದರು. ಹಾಲು, ಎರಡು ಚಮಚ ಸಕ್ಕರೆ ಅಂದವರಿಗೆ ಮೆದು ರುಚಿಯ ಮೆರ್ಲೊ ವೈನ್, ಇಲ್ಲವೇ ಇನ್ನೂ ಹಗುರವಾದ ಪಿನೊ. "ಇದು ನಾಲಿಗೆ ಒಣಗಿಸಲ್ಲ, ಗಂಟಲ ಹತ್ರ ಜಗಳ ಆಡಲ್ಲ. ಕುಡಿಯೋ ಮುಂಚೆ ಅರ್ಧ ಗಂಟೆ ಫ್ರಿಜ್ಜಲ್ಲಿಡಿ. ಬಾಟಲಿ ಭಾರ ನೋಡಿ ಮರುಳಾಗಬೇಡಿ, ಆ ಭಾರ ಗಾಜಿಂದು." ಆರು ತಿಂಗಳಾದ ಮೇಲೆ ಬಂದವರ ಮುಖ ಮರೆತಿದ್ದರೂ ಟೀ ನೆನಪಿರುತ್ತಿತ್ತು. "ಅರ್ಧ ಚಮಚದವರು ಬಂದ್ರು ನೋಡು" ಅಂತ ನನ್ನ ಕಿವಿಯಲ್ಲಿ ಹೇಳುವರು.

ಇಂಥವರ ಸಂಸಾರ ಮುರಿದಿತ್ತು. ವೈನ್ ಅಂಗಡಿಯವನು ಅಂದ ಕೂಡಲೇ ಜನ ಕುಡಿತವೇ ಕಾರಣ ಅಂದುಕೊಳ್ಳುತ್ತಾರೆ. ಅಂಥವರ ಬಾಯಿಗೆ ಬೀಗ ಹಾಕಬೇಕು ಅನ್ನಿಸುತ್ತದೆ ನನಗೆ. ಮೇಷ್ಟ್ರು ರುಚಿ ನೋಡಿ ಉಗುಳುತ್ತಿದ್ದರೇ ಹೊರತು ಒಂದು ಲೋಟ ಪೂರ್ತಿ ಕುಡಿದದ್ದನ್ನು ನಾನು ಕಂಡಿಲ್ಲ. ಅವರಿಗಿದ್ದದ್ದು ಅಂಗಡಿಯ ಹುಚ್ಚು. ಸಂಜೆ, ಭಾನುವಾರ, ಜನ ಮನೆಯಲ್ಲಿರುವ ಹೊತ್ತೆಲ್ಲ ನಮಗೆ ವ್ಯಾಪಾರದ ಹೊತ್ತು. ಉಳಿದವರು ಸರದಿಯ ಮೇಲೆ ರಜೆ ತೆಗೆದರೆ ಇವರು ತಮ್ಮ ಸರದಿಯನ್ನೂ ಬಿಟ್ಟುಕೊಡುತ್ತಿದ್ದರು. ಮನೆ ಸೇರುವಾಗ ಮಗಳು ಮಲಗಿರುತ್ತಿದ್ದಳು, ಅವಳು ಸ್ಕೂಲಿಗೆ ಹೊರಡುವಾಗ ಇವರು ಮಲಗಿರುತ್ತಿದ್ದರು. ಅವಳಿಗೆ ಹತ್ತು ವರ್ಷವಾದಾಗ ಹೆಂಡತಿ ಅವಳನ್ನು ಕರೆದುಕೊಂಡು ಬೇರೆ ಮನೆ ಮಾಡಿದರು. ಬೈಯಲೂ ಇಲ್ಲವಂತೆ.

ಹೋದ ವರ್ಷ ಆ ತಾಯಿ ತೀರಿಕೊಂಡರು. ಈ ವರ್ಷ ಮಗಳ ಮದುವೆ ಗೊತ್ತಾಯಿತು. ಹುಡುಗನ ಅಪ್ಪ ಅಮ್ಮ ಅವಳ ಮನೆಗೆ ಊಟಕ್ಕೆ ಬರುವವರಿದ್ದರು. ಒಂದು ದಿನ ಅವಳೇ ಅಂಗಡಿಗೆ ಫೋನ್ ಮಾಡಿದಳು. "ಅವರು ಯಾವತ್ತೂ ವೈನ್ ಕುಡಿದಿಲ್ಲಪ್ಪ. ಹಗುರವಾಗಿರೋದು ಒಂದು ಆರಿಸಿ ಕೊಡ್ತೀಯಾ?"

ಹದಿನಾರು ವರ್ಷಗಳಲ್ಲಿ ಅವಳು ಏನಾದರೂ ಕೇಳಿದ್ದು ಅದೇ ಮೊದಲು. ಮೇಷ್ಟ್ರು ಅದನ್ನು ನನಗೆ ಒಂದೇ ದಿನ ನಾಲ್ಕು ಸಲ ಹೇಳಿದರು. ಊಟಕ್ಕೆ ತನ್ನನ್ನೂ ಕರೆಯುತ್ತಾಳೆ ಅಂತ ಅವರಿಗೆ ಖಾತ್ರಿ. "ಅವಳ ಕಡೆ ಕೂರೋಕೆ ಇನ್ಯಾರಿದ್ದಾರೆ ಹೇಳು?" ಅಂದರು. ಅವಳು ಬರುತ್ತೇನೆ ಅಂದಿದ್ದ ಬುಧವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಾಗ "ಮದುವೆ ಮಗಳಿಗೋ ನಿಮಗೋ ಮೇಷ್ಟ್ರೇ?" ಅಂತ ಕಾಲೆಳೆದೆ. ನಾಚಿಕೊಂಡರು.

ಮಧ್ಯಾಹ್ನ ಅವಳು ಬಂದಳು. ಮೇಷ್ಟ್ರಿಗೆ ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಂದು ಬಾಟಲಿ ತೆಗೆದರು, ವಾಪಸ್ ಇಟ್ಟರು. ಹದಿನಾರು ವರ್ಷದ ಮಾತು ಕೂಡಿಬಿದ್ದಿರುವಾಗ ಬಾಯಿಂದ ಬಿದ್ದದ್ದು ಮಾತ್ರ ಇದು: "ಟೀ ಹೇಗೆ ಕುಡೀತೀರಿ?"

ಸ್ವಂತ ಮಗಳಿಗೆ 'ಕುಡೀತೀರಿ' ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನು ಟೀ ಕುಡಿಯಲ್ಲಪ್ಪ," ಅಂದಳು. ಸಿಟ್ಟಿರಲಿಲ್ಲ, ಹೊಸಬರಿಗೆ ಹೇಳುವ ಹಾಗೆ ಹೇಳಿದಳು. "ಚಿಕ್ಕಂದಿನಿಂದಾನೂ ಅಷ್ಟೇ. ವಾಸನೆಗೇ ವಾಂತಿ ಬರುತ್ತೆ."

"ಓ," ಅಂದರು ಮೇಷ್ಟ್ರು. "ಹಾಗಾದ್ರೆ ಕಾಫಿ?"

ಅವಳು ಸ್ವಲ್ಪ ನಕ್ಕಳು. ಅದನ್ನು ನೋಡಲಾಗಲಿಲ್ಲ ನನ್ನಿಂದ. ಮೇಷ್ಟ್ರು ಒಂದು ಮೆರ್ಲೊ ಕೊಟ್ಟು, ಫ್ರಿಜ್ಜಿನ ಅರ್ಧ ಗಂಟೆಯ ಮಾತು ಹೇಳಿ, ಕಾಗದ ಎರಡು ಸಲ ಸುತ್ತಿ ಕಳಿಸಿದರು.

ಬಿಲ್ ಹಾಕುವಾಗ ಅವಳು ಮೆಲ್ಲಗೆ ಅಂದಳು, "ಅಪ್ಪನ್ನೂ ಊಟಕ್ಕೆ ಕರೆಯೋಣ ಅಂತ ಬಂದೆ ಆಂಟಿ."

"ಕರೆಯಮ್ಮ. ಅಲ್ಲೇ ಇದ್ದಾರಲ್ಲ."

"ಹುಡುಗನ ಅಮ್ಮ ಕೇಳೇ ಕೇಳ್ತಾರೆ, ಇವಳು ಚಿಕ್ಕವಳಿದ್ದಾಗ ಹೇಗಿದ್ಲು ಅಂತ. ಅಪ್ಪ ಏನು ಹೇಳ್ತಾರೆ?"

ನಾನು ಬಾಟಲಿಯನ್ನು ಚೀಲಕ್ಕೆ ಹಾಕಿದೆ. ಅವಳು ಹೊರಟುಹೋದಳು.

ಮೇಷ್ಟ್ರು ಬಂದು ನಿಂತರು. "ಊಟ ಯಾವತ್ತಂತೆ?"

"ದಿನ ಗೊತ್ತಾದ ಮೇಲೆ ಫೋನ್ ಮಾಡ್ತಾಳಂತೆ," ಅಂದೆ. ನಿಜ ಹೇಳುವ ಧೈರ್ಯ ಆಗಲಿಲ್ಲ. ಆ ಸುಳ್ಳಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಯಾಕೆಂದರೆ ಊಟ ಭಾನುವಾರವೇ ಇರುತ್ತದೆ ಅಂದುಕೊಂಡು ಮೇಷ್ಟ್ರು ಭಾನುವಾರ ರಜೆ ಹಾಕಿದರು. ಕೆಲಸಕ್ಕೆ ಸೇರಿದ ಮೇಲೆ ಅದೇ ಮೊದಲು, ಮಾಲೀಕರೇ ಬೆಪ್ಪಾದರು. ಮುಂದಿನ ಭಾನುವಾರವೂ ಹಾಕಿದರು, ಅದರ ಮುಂದಿನದೂ. ಮೂರನೆಯ ಭಾನುವಾರ ಸಂಜೆ, ಅಂಗಡಿ ತುಂಬ ಜನ ಇರುವಾಗ, ಅವರ ಫೋನ್ ಬಂತು.

"ಅಂಗಡಿಗೇನಾದ್ರೂ ಫೋನ್ ಮಾಡಿದ್ಲಾ?"

"ಇಲ್ಲ ಮೇಷ್ಟ್ರೇ."

"ಇನ್ನೂ ದಿನ ಗೊತ್ತಾಗಿಲ್ಲ ಅಂತ ಕಾಣುತ್ತೆ," ಅಂದರು. ಆಮೇಲೆ, ನನಗೇ ಎಲ್ಲ ಗೊತ್ತಿರುವ ಹಾಗೆ, "ಮುಂದಿನ ವಾರಾನೂ ರಜೆ ಹಾಕ್ಲಾ?" ಅಂತ ಕೇಳಿದರು.

"ಹಾಕಿ," ಅಂದೆ.